ಕೀ ಜೇಬಿನಲ್ಲಿದೆ, ಇಂಜಿನ್ ನಿಂತಿದೆಯೇ?

(ಜುಮಾ ಭಾಷಣದ ಸಾರಾಂಶ)

 



ಇಂದಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಮಿಂಬರಿನಲ್ಲಿ ನಿಂತು ಕಾರಿನ ಬಟನ್ ಬಗ್ಗೆ ಮಾತನಾಡುವ ಉಸ್ತಾದರನ್ನು ನೀವು ಹಿಂದೆ ಕಂಡಿರಲಿಕ್ಕಿಲ್ಲ. ಆದರೆ ಕಳೆದ ರಮಝಾನಿನ ಒಂದು ರಾತ್ರಿಯಿಂದ ಈ ಮಾತು ನಮ್ಮ ಗಂಟಲಲ್ಲೇ ಉಳಿದುಬಿಟ್ಟಿದೆ. ಹೇಳದೆ ಇದ್ದರೆ ನಾಳೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕಾದೀತು ಎಂಬ ಭಯ ನಮಗಿದೆ.

ನಮ್ಮ ಮಸೀದಿಯ ಕೆಳಗಿನ ಪಾರ್ಕಿಂಗ್ ನಿಮಗೆಲ್ಲ ಗೊತ್ತು. ಮೂರು ಕಡೆ ಗೋಡೆ, ಒಂದು ಕಡೆ ಶಟರ್. ಅದಕ್ಕೆ ತಾಗಿಕೊಂಡೇ ಮದ್ರಸದ ಎರಡು ಕೋಣೆಗಳು. ತರಾವೀಹ್ ಸಮಯದಲ್ಲಿ ಸಣ್ಣ ಮಕ್ಕಳು ಸಫ್‌ಗಳ ನಡುವೆ ಓಡಾಡುತ್ತಾರೆಂದು ಅವರನ್ನು ಆ ಕೋಣೆಗಳಲ್ಲಿ ಕೂರಿಸುತ್ತಿದ್ದೆವು. ಆ ರಾತ್ರಿ ಬೀದಿನಾಯಿಗಳ ಕಾಟ ಎಂದು ಯಾರೋ ಶಟರನ್ನು ಮುಕ್ಕಾಲು ಭಾಗ ಇಳಿಸಿದ್ದರು. ನಮ್ಮ ಜಮಾಅತ್‌ನ ಹಿರಿಯರೊಬ್ಬರು, ಹಾಜಿಯವರು, ಸ್ವಲ್ಪ ತಡವಾಗಿ ಬಂದರು. ಇಶಾ ನಮಾಝಿನ ಇಖಾಮತ್ ಆಗಿತ್ತು. ತಿಂಗಳ ಹಿಂದಷ್ಟೇ ದಮ್ಮಾಮಿನಲ್ಲಿರುವ ಮಗ ಅವರಿಗೆ ಹೊಸ ಕಾರು ಕೊಡಿಸಿದ್ದ. ಕೀ ತಿರುಗಿಸುವ ಕಾರಲ್ಲ, ಬಟನ್ ಒತ್ತುವ ಕಾರು. ಹಾಜಿಯವರು ಅವಸರದಲ್ಲಿ ಇಳಿದರು, ಬಾಗಿಲು ಹಾಕಿದರು. ಕಾರು ಬೀಪ್ ಬೀಪ್ ಎಂದು ಕೂಗಿತು. ಲಾಕ್ ಆಯಿತು ಎಂದುಕೊಂಡು ಅವರು ಮೆಟ್ಟಿಲು ಹತ್ತಿದರು.

ತರಾವೀಹ್, ವಿತ್ರ್ ಎಲ್ಲ ಮುಗಿದು ಮುಅಝ್ಝಿನರು ಮಕ್ಕಳನ್ನು ಕರೆತರಲು ಕೆಳಗೆ ಹೋದಾಗ ಒಂದು ಗಂಟೆಗೂ ಹೆಚ್ಚು ಕಳೆದಿತ್ತು. ಕಾರಿನ ಇಂಜಿನ್ ಓಡುತ್ತಲೇ ಇತ್ತು, ಎಸಿ ಕೂಡ ಚಾಲೂ. ಇಬ್ಬರು ಮಕ್ಕಳು ತಲೆನೋವು ಎಂದರು. ಒಬ್ಬ ವಾಂತಿ ಮಾಡಿಕೊಂಡಿದ್ದ. ಹಾಜಿಯವರು ಗಾಬರಿಯಿಂದ ಜೇಬಿಗೆ ಕೈಹಾಕಿ ಕೀ ತೆಗೆದು ತೋರಿಸಿದರು. "ಕೀ ನನ್ನ ಹತ್ತಿರವೇ ಇದೆಯಲ್ಲ ಉಸ್ತಾದರೇ, ಗಾಡಿ ಹೇಗೆ ಓಡುತ್ತದೆ?" ಎಂದು ಕೇಳಿದರು.

ಅವರ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ನಮ್ಮಿಂದಲೇ ಆಯಿತು. ವಾಂತಿ ಮಾಡಿದ ಮಗುವಿನ ಬೆನ್ನು ಸವರಿ, ಇಫ್ತಾರಿನಲ್ಲಿ ಸಮೋಸ ಹೆಚ್ಚಾಗಿರಬೇಕು ಎಂದು ಹೇಳಿ ಮನೆಗೆ ಕಳುಹಿಸಿಬಿಟ್ಟೆವು. ಮರುದಿನ ನಮ್ಮ ಜಮಾಅತ್‌ನ ವೈದ್ಯರೊಬ್ಬರಿಗೆ ಮಾತಿನ ನಡುವೆ ಇದನ್ನು ಹೇಳಿದಾಗ ಅವರು ಮುಖ ಗಂಭೀರ ಮಾಡಿಕೊಂಡರು. ಆ ಮಕ್ಕಳನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕಿತ್ತು, ಆಮ್ಲಜನಕ ಕೊಡಿಸಬೇಕಿತ್ತು, ಮನೆಗೆ ಹೋಗಿ ಮಲಗಿಕೊಳ್ಳಿ ಎನ್ನಬಾರದಿತ್ತು ಎಂದರು. ಅಲ್‌ಹಮ್ದುಲಿಲ್ಲಾಹ್, ಮಕ್ಕಳಿಗೆ ಏನೂ ಆಗಲಿಲ್ಲ. ಬೆಳಗ್ಗೆ ಸಹರಿಗೆ ಎದ್ದು ಆಟವಾಡುತ್ತಿದ್ದರಂತೆ. ಆದರೆ ಏನೂ ಆಗಲಿಲ್ಲ ಎಂಬುದು ನಮ್ಮ ಜಾಣತನದಿಂದಲ್ಲ.

ಸಹೋದರರೇ, ಹಾಜಿಯವರ ಪ್ರಶ್ನೆಗೆ ಹಿಂತಿರುಗೋಣ. ನಲವತ್ತು ವರ್ಷ ಅವರು ಅಂಬಾಸಿಡರ್ ಓಡಿಸಿದ್ದಾರೆ, ಜೀಪು ಓಡಿಸಿದ್ದಾರೆ, ಓಮ್ನಿ ಓಡಿಸಿದ್ದಾರೆ. ಅವರ ಕೈಗೆ ಗೊತ್ತಿರುವುದು ಒಂದೇ: ಕೀ ತಿರುಗಿಸಿದರೆ ಇಂಜಿನ್ ನಿಲ್ಲುತ್ತದೆ, ನಿಂತ ಮೇಲೆಯೇ ಕೀ ಹೊರಗೆ ಬರುತ್ತದೆ. ಕೀ ಕೈಯಲ್ಲಿದೆ ಎಂದರೆ ಗಾಡಿ ಆಫ್ ಎಂದೇ ಅರ್ಥ. ಇದನ್ನು ಯಾರೂ ಅವರಿಗೆ ಪಾಠ ಮಾಡಿ ಕಲಿಸಿದ್ದಲ್ಲ, ಕೈಯೇ ಕಲಿತದ್ದು. 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್‌ನಂತಹ ದುಬಾರಿ ಕಾರುಗಳಲ್ಲಿ ಕಾಣಿಸಿಕೊಂಡ ಕೀ ಇಲ್ಲದ ವ್ಯವಸ್ಥೆ ಈಗ ನಮ್ಮ ಊರಿನ ಸಣ್ಣ ಕಾರುಗಳಿಗೂ ಬಂದಿದೆ. ಈ ಕಾರುಗಳಲ್ಲಿ ಕೀ ಎಂದು ನಾವು ಕರೆಯುವುದು ನಿಜವಾಗಿ ಕೀ ಅಲ್ಲ, ಒಂದು ಸಣ್ಣ ರೇಡಿಯೊ. ನಾನು ಹತ್ತಿರದಲ್ಲಿದ್ದೇನೆ ಎಂದು ಅದು ಕಾರಿಗೆ ತಿಳಿಸುತ್ತದೆ, ಆಗ ಬಟನ್ ಕೆಲಸ ಮಾಡುತ್ತದೆ. ಇಂಜಿನ್ ಶುರು ಮಾಡಲು ಅದು ಬೇಕು. ಓಡುತ್ತಿರುವ ಇಂಜಿನ್ ಓಡುತ್ತಲೇ ಇರಲು ಅದು ಬೇಕಾಗಿಲ್ಲ.

ಕೀ ದೂರ ಹೋದ ಕೂಡಲೇ ಇಂಜಿನ್ ನಿಲ್ಲುವಂತೆ ಯಾಕೆ ಮಾಡಿಲ್ಲ ಎಂದು ನಮ್ಮ ಮದ್ರಸದ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಯೋಚಿಸಿ ನೋಡಿ: ನೀವು ಹೆದ್ದಾರಿಯಲ್ಲಿ ಹೋಗುತ್ತಿದ್ದೀರಿ, ಕೀಯೊಳಗಿನ ಬಟನ್ ಸೆಲ್ ಖಾಲಿಯಾಯಿತು, ಅಥವಾ ಸಿಗ್ನಲ್ ತಪ್ಪಿತು. ಆ ಕ್ಷಣ ಇಂಜಿನ್ ನಿಂತರೆ ಹಿಂದಿನಿಂದ ಬರುವ ಲಾರಿ ಏನು ಮಾಡುತ್ತದೆ? ಅದಕ್ಕಾಗಿಯೇ ಕಾರು ಬೀಪ್ ಎಂದು ಕೂಗಿ, ಕೀ ಕಾಣುತ್ತಿಲ್ಲ ಎಂದು ಮುಂದಿನ ಫಲಕದಲ್ಲಿ ಬರೆದು ಸುಮ್ಮನಾಗುತ್ತದೆ. ಕಾರಿನಿಂದ ಇಳಿದು ಹೋದವರಿಗೆ ಆ ಬರಹ ಕಾಣುವುದಿಲ್ಲ. ಬೀಪ್ ಶಬ್ದವೋ, ಸೀಟ್ ಬೆಲ್ಟಿಗೂ ಅದೇ, ಬಾಗಿಲಿಗೂ ಅದೇ, ರಿವರ್ಸಿಗೂ ಅದೇ. ವಯಸ್ಸಾದವರ ಕಿವಿಗೆ ಕೆಲವೊಮ್ಮೆ ಅದೂ ಬೀಳುವುದಿಲ್ಲ.

ಇದರಿಂದ ಒಂದು ತಮಾಷೆಯೂ ಆಗುತ್ತದೆ. ನಮ್ಮ ಊರಿನ ಯುವಕನೊಬ್ಬ ದುಬೈಗೆ ಹೊರಟಿದ್ದ. ಬಜ್ಪೆ ವಿಮಾನ ನಿಲ್ದಾಣದವರೆಗೆ ತಾನೇ ಓಡಿಸಿಕೊಂಡು ಹೋಗಿ, ಇಂಜಿನ್ ಆಫ್ ಮಾಡದೆ ಇಳಿದು, ಪತ್ನಿಗೆ ಸ್ಟಿಯರಿಂಗ್ ಕೊಟ್ಟು ಸಲಾಂ ಹೇಳಿ ಒಳಗೆ ಹೋದ. ಆಕೆ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಬಂಕಿನಲ್ಲಿ ಇಂಜಿನ್ ನಿಲ್ಲಿಸಿದರು. ಮತ್ತೆ ಶುರುವಾಗಲಿಲ್ಲ. ಕೀ ಆ ಹೊತ್ತಿಗೆ ಗಂಡನ ಪ್ಯಾಂಟಿನ ಜೇಬಿನಲ್ಲಿ ಅರಬ್ಬಿ ಸಮುದ್ರ ದಾಟುತ್ತಿತ್ತು. ನಗಬೇಡಿ, ನಿಮಗೂ ಆಗಬಹುದು.

ಈಗ ನಗುವ ಮಾತು ಬಿಡೋಣ. ಇಂಜಿನ್ ಎಂದರೆ ಏನು? ಕಬ್ಬಿಣದ ಪೆಟ್ಟಿಗೆಯೊಳಗೆ ಉರಿಯುವ ಬೆಂಕಿ. ನಮಗೆ ಜ್ವಾಲೆ ಕಾಣುವುದಿಲ್ಲ, ಅಷ್ಟೇ. ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ ಮನೆಮಂದಿಯ ಸಮೇತ ಹೊತ್ತಿ ಉರಿಯಿತು ಎಂದು ಅಬೂ ಮೂಸಾ(ರ)ರಿಂದ ಬುಖಾರಿಯಲ್ಲಿ ವರದಿಯಾಗಿದೆ. ಸುದ್ದಿ ತಲುಪಿದಾಗ ಪ್ರವಾದಿ(ಸ)ರು ಬೆಂಕಿಯನ್ನು ನಿಮ್ಮ ಶತ್ರು ಎಂದು ಕರೆದು, ಮಲಗುವ ಮುಂಚೆ ಅದನ್ನು ಆರಿಸಲು ಆಜ್ಞಾಪಿಸಿದರು. ಅಬೂದಾವೂದ್‌ನಲ್ಲಿ ಇಬ್ನು ಅಬ್ಬಾಸ್(ರ)ರ ಇನ್ನೊಂದು ವರದಿ ಇದೆ. ಒಂದು ಇಲಿ ದೀಪದ ಬತ್ತಿಯನ್ನು ಎಳೆದು ತಂದು ಪ್ರವಾದಿ(ಸ)ರು ಕುಳಿತಿದ್ದ ಚಾಪೆಯ ಮೇಲೆ ಹಾಕಿತು, ದಿರ್ಹಮ್ ನಾಣ್ಯದಷ್ಟು ಜಾಗ ಸುಟ್ಟಿತು. ಆಗಲೂ ಅವರು ಕೊಟ್ಟ ಬೋಧನೆ ಅದೇ, ಮಲಗುವಾಗ ದೀಪ ಆರಿಸಿ. ದೀಪ ಕೆಟ್ಟದ್ದು ಎಂದು ಅವರು ಹೇಳಲಿಲ್ಲ. ದೀಪ ಬೇಕು. ಮನುಷ್ಯ ಎಚ್ಚರದಲ್ಲಿಲ್ಲದಾಗ ಅದು ಉರಿಯಬಾರದು. ತವಕ್ಕುಲ್ ಬಗ್ಗೆ ಒಂಟೆ ಕಟ್ಟುವ ಹದೀಸನ್ನು ನೀವು ನಮ್ಮಿಂದಲೇ ಎಷ್ಟೋ ಸಲ ಕೇಳಿದ್ದೀರಿ, ಇಂದು ಮತ್ತೆ ಹೇಳುವುದಿಲ್ಲ. ಈ ಇಲಿಯ ಹದೀಸ್ ಸಾಕು.

ಈ ಬೆಂಕಿಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮಗೆ ಬರುವ ಹೊಗೆಯ ವಾಸನೆ ಬೇರೆಯದ್ದು. ವಾಸನೆ ಇಲ್ಲದಿದ್ದರೆ ಅಪಾಯವಿಲ್ಲ ಎನ್ನುವಂತಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮೈಗೆ ಮಾತ್ರ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಂತರ ನಿದ್ದೆ. ನಿದ್ದೆಯಲ್ಲಿದ್ದವರಿಗೆ ತಲೆನೋವೂ ತಿಳಿಯುವುದಿಲ್ಲ. ಮಕ್ಕಳು ಬೇಗ ಬೇಗ ಉಸಿರಾಡುವುದರಿಂದ ಅವರಿಗೆ ಮೊದಲು ತಟ್ಟುತ್ತದೆ. ಈ ಅನಿಲ ಗಾಳಿಗಿಂತ ಭಾರವೂ ಅಲ್ಲ. ಆದ್ದರಿಂದ ಕೆಳಗೇ ಕೂತಿರುವುದಿಲ್ಲ, ಮೆಟ್ಟಿಲ ಮೂಲಕ ಮೇಲಿನ ಕೋಣೆಗೂ ಹೋಗುತ್ತದೆ.

ಅಮೆರಿಕದಲ್ಲಿ ಮನೆಗೆ ಅಂಟಿಕೊಂಡೇ ಗ್ಯಾರೇಜ್ ಇರುತ್ತದೆ, ಬಾಗಿಲು ತೆರೆದರೆ ಅಡುಗೆಮನೆ. ವಯಸ್ಸಾದ ಗಂಡ ಹೆಂಡತಿ ಸಂಜೆ ಮನೆಗೆ ಬಂದು, ಕಾರು ನಿಲ್ಲಿಸಿ, ಕೀಯನ್ನು ಕೈಚೀಲದಲ್ಲಿಟ್ಟು ಒಳಗೆ ಹೋಗಿ ಮಲಗುತ್ತಾರೆ. ಬೆಳಗ್ಗೆ ಏಳುವುದಿಲ್ಲ. ಹೀಗೆ 2006ರಿಂದ 28 ಮಂದಿ ಸತ್ತಿದ್ದಾರೆ, 45 ಮಂದಿಗೆ ಹಾನಿಯಾಗಿದೆ ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರ ಮೇ ತಿಂಗಳಲ್ಲಿ ಲೆಕ್ಕ ಕೊಟ್ಟಿತು. ಅವರಲ್ಲಿ ಹಿರಿಯರೇ ಹಲವರು. ಎಚ್ಚರಿಕೆಯ ಶಬ್ದ ಇನ್ನೂ ಜೋರಾಗಿರಬೇಕು ಎಂದು ಅಲ್ಲಿನ ಸರಕಾರಿ ಸುರಕ್ಷತಾ ಸಂಸ್ಥೆ 2011ರಲ್ಲೇ ಪ್ರಸ್ತಾಪ ಇಟ್ಟಿತ್ತು. ವರ್ಷಗಟ್ಟಲೆ ಅದು ಪ್ರಸ್ತಾಪವಾಗಿಯೇ ಉಳಿಯಿತು. ಈ ನಡುವೆ ಕೆಲವು ಕಂಪೆನಿಗಳು ತಾವಾಗಿಯೇ ಒಂದು ಉಪಾಯ ತಂದವು: ನಿಂತ ಕಾರಿನ ಇಂಜಿನ್ ಇಂತಿಷ್ಟು ಹೊತ್ತು ಸುಮ್ಮನೆ ಓಡುತ್ತಿದ್ದರೆ ತಾನೇ ಆಫ್ ಆಗುವುದು. ಫೋರ್ಡ್ ಇದಕ್ಕೆ ಇಟ್ಟ ಅವಧಿ 30 ನಿಮಿಷ. 2020ರ ಮಾದರಿಯಿಂದ ಇದನ್ನು ಅಲ್ಲಿನ ಕಾರುಗಳಿಗೆ ಅಳವಡಿಸುವುದಾಗಿ ಟೊಯೊಟಾ 2019ರಲ್ಲಿ ಪ್ರಕಟಿಸಿತು. 2021ರ ನವೆಂಬರಿನಲ್ಲಿ ಅಧ್ಯಕ್ಷ ಬೈಡನ್ ಸಹಿ ಹಾಕಿದ ಮೂಲಸೌಕರ್ಯ ಕಾಯ್ದೆ, ಕೀ ಇಲ್ಲದ ಕಾರುಗಳಿಗೆ ಇಂತಹ ವ್ಯವಸ್ಥೆ ಕಡ್ಡಾಯವಾಗುವಂತೆ ನಿಯಮ ರೂಪಿಸಬೇಕೆಂದು ಸಾರಿಗೆ ಇಲಾಖೆಗೆ ಸೂಚಿಸಿತು.

ಇದು ದೊಡ್ಡ ಉಪಕಾರ, ನಿಜ. ಮನುಷ್ಯ ಮರೆಯುತ್ತಾನೆ ಎಂದು ಒಪ್ಪಿಕೊಂಡು ಮಾಡಿದ ಕೆಲಸ. ಆದರೆ ಸಹೋದರರೇ, ನಮಗೆ ಆತಂಕ ಇರುವುದು ಇದರ ಬಗ್ಗೆಯೇ. ಹಾಜಿಯವರ ಘಟನೆಯ ನಂತರ ಊರಿನ ಯುವಕರು ನಮಗೆ ಹೇಳಿದ ಮಾತು ಏನು ಗೊತ್ತೇ? "ಉಸ್ತಾದರೇ, ಈಗಿನ ಕಾರುಗಳಲ್ಲಿ ಅದೆಲ್ಲ ಆಟೋಮ್ಯಾಟಿಕ್, ತಾನೇ ಆಫ್ ಆಗುತ್ತದೆ." ಯಾವ ಕಾರಿನಲ್ಲಿ? ಎಷ್ಟು ನಿಮಿಷಕ್ಕೆ? ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಹಾಜಿಯವರ ಕಾರು ಹೊಸದೇ ಆಗಿತ್ತು, ಒಂದು ಗಂಟೆ ಕಳೆದರೂ ಆಫ್ ಆಗಲಿಲ್ಲ. ನಿಮ್ಮ ಕಾರಿನಲ್ಲಿ ಈ ವ್ಯವಸ್ಥೆ ಇದೆಯೋ ಇಲ್ಲವೋ ಎಂಬುದು ಕಾರಿನ ಜತೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ಆ ಪುಸ್ತಕದ ಪ್ಲಾಸ್ಟಿಕ್ ಕವರ್ ಕೂಡ ಹರಿಯದೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟವರು ಇಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ಕೈ ಎತ್ತಿಸುವುದಿಲ್ಲ. ಇದ್ದರೂ ಮುಚ್ಚಿದ ಜಾಗದಲ್ಲಿ ಅರ್ಧ ಗಂಟೆ ಎಂದರೆ ಸಣ್ಣ ಅವಧಿಯಲ್ಲ.

ಇನ್ನೂ ಒಂದು ಗೊಂದಲ ಇದೆ. ಸಿಗ್ನಲಿನಲ್ಲಿ ನಿಂತಾಗ ಇಂಜಿನ್ ತಾನೇ ನಿಂತು, ಬ್ರೇಕ್ ಬಿಟ್ಟಾಗ ಅಥವಾ ಕ್ಲಚ್ ಒತ್ತಿದಾಗ ಮತ್ತೆ ಶುರುವಾಗುವ ಕಾರುಗಳಿವೆಯಲ್ಲ, ಫಲಕದಲ್ಲಿ ಎ ಅಕ್ಷರದ ಸುತ್ತ ಬಾಣದ ಗುರುತು ಬರುತ್ತದೆ. ಅದು ಪೆಟ್ರೋಲ್ ಉಳಿಸಲು ಮಾಡಿದ್ದು, ಪ್ರಾಣ ಉಳಿಸಲು ಅಲ್ಲ. ಆಗ ಇಂಜಿನ್ ನಿಂತಿರುತ್ತದೆ, ಕಾರು ಆಫ್ ಆಗಿರುವುದಿಲ್ಲ. ಎಸಿಗೋ ಬ್ಯಾಟರಿಗೋ ಬೇಕೆನಿಸಿದರೆ ಕೆಲವು ಕಾರುಗಳಲ್ಲಿ ಇಂಜಿನ್ ತಾನಾಗಿ ಮತ್ತೆ ಶುರುವಾಗುತ್ತದೆ. ಮನೆಯ ಮುಂದೆ ಕಾರು ನಿಲ್ಲಿಸಿದಾಗ ಶಬ್ದ ಇಲ್ಲ ಎಂದು ಇಳಿದುಬಿಟ್ಟರೆ ಮೋಸ ಹೋಗುತ್ತೇವೆ. ಹೈಬ್ರಿಡ್ ಕಾರುಗಳಲ್ಲಿ ಇದು ಇನ್ನೂ ಹೆಚ್ಚು. ನಮ್ಮ ರಾಜ್ಯದ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯನ್ನು ನಮ್ಮಲ್ಲಿ ಕೆಲವರು ಕೊಂಡಿದ್ದಾರೆ. ಬಟನ್ ಒತ್ತಿದರೆ ಒಂದು ಚೂರು ಶಬ್ದವಿಲ್ಲ, ಬ್ಯಾಟರಿಯಲ್ಲೇ ಹೊರಡುತ್ತದೆ. ಬ್ಯಾಟರಿ ಇಳಿದಾಗ ಪೆಟ್ರೋಲ್ ಇಂಜಿನ್ ತಾನೇ ಎದ್ದುಕೊಳ್ಳುತ್ತದೆ. ಅದರ ಗುಣವೇ ಅದು, ದೋಷವಲ್ಲ. ಅಮೆರಿಕದಲ್ಲಿ ಷೆವರ್ಲೆ ವೋಲ್ಟ್ ಎಂಬ ಕಾರು ಹೀಗೆಯೇ ಆಫ್ ಆಗದೆ ಮೌನವಾಗಿ ಉಳಿದು, ಬ್ಯಾಟರಿ ಖಾಲಿಯಾದ ಮೇಲೆ ಇಂಜಿನ್ ಶುರುವಾಗುವ ಸಂಭವ ಇದೆಯೆಂದು 2015ರಲ್ಲಿ ಸುಮಾರು 64,000 ಕಾರುಗಳನ್ನು ವಾಪಸ್ ಕರೆಸಿ ಸಾಫ್ಟ್‌ವೇರ್ ಬದಲಾಯಿಸಿದರು. ಆದ್ದರಿಂದ ಕಿವಿಯನ್ನು ನಂಬಬೇಡಿ. ಗೇರನ್ನು ಪಾರ್ಕಿಗೆ ಹಾಕಿ, ಬಟನ್ ಒತ್ತಿ, ಮುಂದಿನ ಫಲಕದ ಬೆಳಕು ಆರಿತೇ ಎಂದು ಕಣ್ಣಿನಿಂದ ನೋಡಿ ಇಳಿಯಿರಿ.

ಈಗ ಇದರ ಇನ್ನೊಂದು ಮಗ್ಗುಲು. ತಾನೇ ಆಫ್ ಆಗುವುದು ಖಾಲಿ ಕಾರಿನಲ್ಲಿ ರಕ್ಷಣೆ. ಕಾರಿನಲ್ಲಿ ಯಾರಾದರೂ ಇದ್ದರೆ?

ಗಲ್ಫಿನಲ್ಲಿ ನಮ್ಮವರಿಗೆ ಒಂದು ರೂಢಿ ಇದೆ. ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಎಸಿ ಚಾಲೂ ಇಟ್ಟು, ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಮಾಡುತ್ತಿದೆ, ಎಬ್ಬಿಸುವುದು ಬೇಡ, ಐದು ನಿಮಿಷದಲ್ಲಿ ಬಂದೆ ಎಂದು ಇಳಿಯುವುದು. ಐದು ನಿಮಿಷ ಹದಿನೈದು ಆಗುತ್ತದೆ, ಬಿಲ್ಲಿನ ಸಾಲು ಉದ್ದ ಇದ್ದರೆ ಅರ್ಧ ಗಂಟೆ. ಕಾರಿನ ಗಡಿಯಾರಕ್ಕೆ ಮಗು ಗೊತ್ತಿಲ್ಲ, ನಿಮಿಷ ಮಾತ್ರ ಗೊತ್ತು. ಸಮಯ ಮುಗಿಯಿತು, ಇಂಜಿನ್ ನಿಂತಿತು, ಎಸಿಯೂ ನಿಂತಿತು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೊದಲ ಹತ್ತು ನಿಮಿಷದಲ್ಲೇ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೊರಗೆ 45 ಇದ್ದರೆ ಒಳಗೆ ಎಷ್ಟು ಎಂದು ನೀವೇ ಕೂಡಿಸಿ ನೋಡಿ. ಬಾಗಿಲು ಹೊರಗಿನಿಂದ ಲಾಕ್ ಆಗಿದೆ. ಯುಎಇಯಲ್ಲಿ ಮಕ್ಕಳನ್ನು ಹೀಗೆ ಕಾರಿನಲ್ಲಿ ಬಿಟ್ಟು ಹೋಗುವುದು 2016ರ ಮಕ್ಕಳ ಹಕ್ಕುಗಳ ಕಾನೂನಿನಡಿ ಶಿಕ್ಷಾರ್ಹ. ಕಾನೂನು ಇಲ್ಲದ ಕಡೆ ಮಗು ಅಮಾನತ್ ಅಲ್ಲ ಎಂದೇ? ಮದುವೆ ಹಾಲ್‌ಗಳ ಮುಂದೆ ನಮ್ಮ ಊರಿನಲ್ಲೂ ಇದನ್ನು ನಾವು ನೋಡಿದ್ದೇವೆ. ಮಗು ಮಾತ್ರವಲ್ಲ, ಮಂಡಿನೋವಿನಿಂದ ಇಳಿಯಲಾಗದ ಅಜ್ಜಿಯನ್ನೂ ಕಾರಿನಲ್ಲೇ ಕೂರಿಸಿ ಊಟಕ್ಕೆ ಹೋಗುತ್ತಾರೆ. ಅಜ್ಜಿಗೆ ಕಿಟಕಿ ಇಳಿಸುವ ಬಟನ್ ಯಾವುದೆಂದೂ ಗೊತ್ತಿರುವುದಿಲ್ಲ, ಇಂಜಿನ್ ನಿಂತ ಮೇಲೆ ಆ ಬಟನ್ ಕೆಲಸ ಮಾಡಬೇಕೆಂದೂ ಇಲ್ಲ.

ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಂತಿರಬೇಕಾದರೆ, ಒಂದೋ ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿರಬೇಕು, ಇಲ್ಲವೇ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಹಳೆಯ ಕಾನೂನು, ಕೀ ಇಲ್ಲದ ಕಾರನ್ನು ಕನಸಿನಲ್ಲೂ ಕಾಣದ ಕಾಲದ್ದು. ಆದರೂ ಸರಿಯಾಗಿಯೇ ಇದೆ.

ಕಾರಿನೊಳಗೆ ಮಲಗುವವರಿಗೆ ಎರಡು ಮಾತು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದಲ್ಲಿ ಹಿಮ ಸುರಿದು ಸಾವಿರಾರು ಕಾರುಗಳು ರಸ್ತೆಯಲ್ಲೇ ಸಿಕ್ಕಿಹಾಕಿಕೊಂಡವು. ಚಳಿಗೆ ಗಾಜು ಏರಿಸಿ ಹೀಟರ್ ಹಾಕಿ ಕುಟುಂಬಗಳು ಮಲಗಿದವು. ಮಕ್ಕಳೂ ಸೇರಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, ಹಲವರ ಸಾವಿಗೆ ಚಳಿಯ ಜತೆ ಈ ಅನಿಲವೂ ಕಾರಣವೆಂದು ಹೇಳಲಾಯಿತು. ಹಿಮ ಸೈಲೆನ್ಸರಿನ ಬಾಯಿ ಮುಚ್ಚಿದರೆ ಹೊಗೆ ಕಾರಿನೊಳಕ್ಕೇ ಬರುತ್ತದೆ. ನಮ್ಮಲ್ಲಿ ಹಿಮ ಎಲ್ಲಿ ಎನ್ನಬೇಡಿ. 2024ರ ಡಿಸೆಂಬರಿನಲ್ಲಿ ನೆರೆಯ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಎಸಿಗಾಗಿ ಓಡುತ್ತಿದ್ದ ಜನರೇಟರಿನ ಹೊಗೆ ಒಳಗೆ ನುಗ್ಗಿತ್ತು. ಮಳೆಗಾಲದಲ್ಲಿ ಶಿರಾಡಿ ಘಾಟಿನಲ್ಲಿ ಗುಡ್ಡ ಕುಸಿದು ಗಂಟೆಗಟ್ಟಲೆ ಸಾಲು ನಿಂತಾಗ ನಾವೆಲ್ಲ ಏನು ಮಾಡುತ್ತೇವೆ? ಗಾಜು ಏರಿಸಿ, ಎಸಿ ಹಾಕಿ, ಸೀಟು ಮಲಗಿಸಿ ಕಣ್ಣು ಮುಚ್ಚುತ್ತೇವೆ. ಕೆಸರು, ಮಣ್ಣು, ನೀರು ಸೈಲೆನ್ಸರನ್ನು ಮುಚ್ಚಬಲ್ಲದು. ಸೈಲೆನ್ಸರ್ ಎಲ್ಲಾದರೂ ತೂತಾಗಿದ್ದರೆ ಅದೂ ಬೇಕಾಗಿಲ್ಲ. ನಿದ್ದೆ ಮಾಡುವುದಾದರೆ ಇಂಜಿನ್ ಆಫ್ ಮಾಡಿ, ಎರಡೂ ಬದಿಯ ಗಾಜು ಸ್ವಲ್ಪ ಇಳಿಸಿ. ಸೊಳ್ಳೆ ಕಚ್ಚಿದರೆ ಕಚ್ಚಲಿ.

ಯಾರಿಗಾದರೂ ಅಂತಹ ಜಾಗದಲ್ಲಿ ತಲೆನೋವು, ವಾಕರಿಕೆ ಎನಿಸಿದರೆ ಮೊದಲು ಎಲ್ಲರೂ ಹೊರಗೆ ತೆರೆದ ಗಾಳಿಗೆ ಬನ್ನಿ. ಬಿದ್ದವರನ್ನು ಎತ್ತಲು ಉಸಿರು ಬಿಗಿಹಿಡಿದು ಒಳಗೆ ಓಡಿ ತಾವೂ ಬಿದ್ದವರಿದ್ದಾರೆ, ಶಟರ್, ಬಾಗಿಲುಗಳನ್ನು ಪೂರ್ತಿ ತೆರೆದು ಗಾಳಿ ಆಡಿದ ಮೇಲೆ ಹೋಗಿ. 108ಕ್ಕೆ ಫೋನ್ ಮಾಡಿ, ಇಂಜಿನ್ ಹೊಗೆ ಕುಡಿದಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ನಮ್ಮ ಹಾಗೆ ಸಮೋಸದ ಮೇಲೆ ಹಾಕಿಬಿಡುತ್ತಾರೆ.

ಕೊನೆಯದಾಗಿ, ಗಲ್ಫಿನಲ್ಲಿರುವ ಮಕ್ಕಳಿಗೆ. ಇದನ್ನು ಪತ್ರಿಕೆಯಲ್ಲಿ ಓದುವವರು ಅವರಿಗೆ ಫೋಟೋ ತೆಗೆದು ಕಳುಹಿಸಿ. ಹಾಜಿಯವರ ಮಗನ ಮೇಲೆ ನಮಗೆ ಸಿಟ್ಟಿಲ್ಲ. ತಂದೆಗೆ ಕಾರು ಕೊಡಿಸಿದ, ಅಲ್ಲಾಹನು ಅವನಿಗೆ ಬರಕತ್ ನೀಡಲಿ. ಆದರೆ ಶೋರೂಮಿನ ಹುಡುಗ ಹತ್ತು ನಿಮಿಷದಲ್ಲಿ ಬ್ಲೂಟೂತ್, ಕ್ಯಾಮರಾ, ಸನ್‌ರೂಫ್ ಎಲ್ಲ ತೋರಿಸಿ, ಕೇಕ್ ಕತ್ತರಿಸಿ, ಫೋಟೋ ಹೊಡೆದು ಕಳುಹಿಸಿದ್ದಾನೆ. ಇಳಿಯುವ ಮುಂಚೆ ಏನು ಮಾಡಬೇಕು ಎಂದು ಹೇಳಿಕೊಟ್ಟಿಲ್ಲ. ನಲವತ್ತು ವರ್ಷದ ಅಭ್ಯಾಸ ಬದಲಾಗಲು ಹತ್ತು ನಿಮಿಷ ಸಾಲದು. ರಜೆಯಲ್ಲಿ ಬಂದಾಗ ಒಂದು ವಾರ ಬಾಪಾರ ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. "ನಿಮಗೆ ಗೊತ್ತಾಗುವುದಿಲ್ಲ, ಬಿಡಿ" ಎಂದು ಹೇಳಬೇಡಿ. ನಿಮಗೆ ಸೈಕಲ್ ಕಲಿಸುವಾಗ ಸೀಟಿನ ಹಿಂದೆ ಓಡಿ ಬಂದವರು ಅವರು. "ಬಾಪಾ, ಬೀಪ್ ಅಂದರೆ ಒಮ್ಮೆ ತಿರುಗಿ ನೋಡಿ" ಎಂದು ಹೇಳಿ, ಅಷ್ಟು ಸಾಕು. ಅವರಿಗೆ ಕೀ ತಿರುಗಿಸುವ ಕಾರೇ ಸುಲಭ ಎನಿಸಿದರೆ ಅದನ್ನೇ ಕೊಡಿಸಿ. ಇದರಲ್ಲಿ ಮರ್ಯಾದೆಗೆ ಕಡಿಮೆಯಾಗುವುದು ಏನೂ ಇಲ್ಲ.

ಹಾಜಿಯವರು ಈಗ ಏನು ಮಾಡುತ್ತಾರೆ ಎಂಬುದನ್ನು ಅವರ ಅನುಮತಿ ಪಡೆದೇ ಹೇಳುತ್ತಿದ್ದೇವೆ. ಇಂಜಿನ್ ಆಫ್ ಮಾಡಿ, ಇಳಿದು, ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ನಡುಕ ಇಲ್ಲ ಎಂದು ಖಾತ್ರಿಯಾದ ಮೇಲೆ ಬಿಸ್ಮಿಲ್ಲಾಹ್ ಎಂದು ಮೆಟ್ಟಿಲು ಹತ್ತುತ್ತಾರೆ. ಹುಡುಗರು ಮೊದಮೊದಲು ನಕ್ಕರು. ಈಗ ಇಬ್ಬರು ಅವರನ್ನು ನೋಡಿ ಹಾಗೆಯೇ ಮಾಡುತ್ತಿದ್ದಾರೆ.

ಜಮಾಅತ್ ಕಮಿಟಿಯ ತೀರ್ಮಾನವನ್ನೂ ತಿಳಿಸುತ್ತೇವೆ. ಕೆಳಗಿನ ಪಾರ್ಕಿಂಗಿನ ಶಟರ್ ನಮಾಝಿನ ಸಮಯದಲ್ಲಿ ಇನ್ನು ಇಳಿಸುವುದಿಲ್ಲ, ನಾಯಿಗಳಿಗೆ ಕಬ್ಬಿಣದ ಜಾಲರಿಯ ಗೇಟು ಮಾಡಿಸಲಾಗುತ್ತಿದೆ. ಮದ್ರಸದ ಮಕ್ಕಳನ್ನು ಮೇಲಿನ ಕೋಣೆಗೆ ಸ್ಥಳಾಂತರಿಸಿದ್ದೇವೆ. ಇಂದು ಅಸರ್ ನಮಾಝಿನ ನಂತರ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಇಬ್ಬರು ಹುಡುಗರು ಅಂಗಳದಲ್ಲಿ ಇರುತ್ತಾರೆ. ಬಟನ್ ಕಾರು ಇರುವ ಹಿರಿಯರು ಕಾರು ತನ್ನಿ, ಜತೆಗೆ ಆ ಪುಸ್ತಕವನ್ನೂ ತನ್ನಿ. ನಿಮ್ಮ ಕಾರು ತಾನೇ ಆಫ್ ಆಗುತ್ತದೆಯೇ, ಆಗುವುದಾದರೆ ಎಷ್ಟು ನಿಮಿಷಕ್ಕೆ ಎಂದು ಅವರು ಓದಿ ಹೇಳುತ್ತಾರೆ. ಚಹಾ ಕಮಿಟಿಯ ಕಡೆಯಿಂದ.